ಗ್ಯಾಸ್ ಬಂತೇನವಾ

ಹೆಬ್ಬೆರಳೊಂದು ಅಡ್ಡ ಬರದಿದ್ದರೆ ರಾಜೇಶ ಹುನಗುಂದದಿಂದ ಇಳಕಲ್ಲಿಗೆ ಬಸ್ ಹತ್ತುವ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಸೀರೆ ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಳಕಲ್ಲಿನ ಅಂಗಡಿಯ ಸುನಂದಾ ಒಂದು ಫೋಟೊ ಹಾಕಿದ್ದಳು. ಪುಣೆಯ ಮೈದುನ ಮೊಬೈಲಿನಲ್ಲಿ ಡಾಲರ್ ಕಾಯಿನ್ ಹಾಕಿ ಕೊಟ್ಟಿದ್ದಾನೆ, ತೆಗೆಯಲು ಹೋದರೆ ಗ್ಯಾಸ್ ಇಲ್ಲ ಎಂದು ತೋರಿಸುತ್ತದೆ, ಏನು ಮಾಡಬೇಕು ಎಂದು ಕೇಳಿದ್ದಳು. ಗುಂಪು ಬಿದ್ದು ಬಿದ್ದು ನಕ್ಕಿತು. ಒಬ್ಬ ಸಿಲಿಂಡರ್ ಬುಕ್ ಮಾಡುವ ನಂಬರ್ ಕಳಿಸಿದ. ಇನ್ನೊಬ್ಬ ಅಜವಾನದ ನೀರು ಕುಡಿಯಲು ಹೇಳಿದ. ಸಿಲಿಂಡರೂ ಖಾಲಿಯಾಗಿದೆ, ಅದನ್ನೂ ಬುಕ್ ಮಾಡಿದ್ದೇನೆ ಎಂದು ಸುನಂದಾ ಬರೆದಳು. ಮತ್ತೆ ನಕ್ಕರು.

ರಾಜೇಶ ನಗಲಿಲ್ಲ. ಫೋಟೊದಲ್ಲಿದ್ದ ಚೀಟಿಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳಿದ್ದವು. ಆ ಪದಗಳು ಯಾರಿಗೆ ಗೊತ್ತೋ ಕಾಯಿನ್ ಇಟ್ಟ ಮೊಬೈಲ್ ಪರ್ಸು ಅವರದು; ಯಾರ ಮೊಬೈಲಿನಲ್ಲಾದರೂ ತೆರೆಯುತ್ತದೆ. ಹತ್ತು ಕಾಣುತ್ತಿದ್ದವು. ಕೊನೆಯ ಎರಡರ ಮೇಲೆ ಸುನಂದಾಳ ಹೆಬ್ಬೆರಳು. ಅವನು ಫೋಟೊ ಉಳಿಸಿಕೊಂಡ ಕೂಡಲೇ ಅವಳು ಅದನ್ನು ಅಳಿಸಿದಳು. ಆ ಪದಗಳನ್ನು ಗಮನಿಸಿದ್ದು ತಾನೊಬ್ಬನೇ ಎಂದು ಅವನು ಹಿಗ್ಗಿದ.

ಅವನು ಹುನಗುಂದದಲ್ಲಿ ಕ್ರಿಪ್ಟೊ ಕ್ಲಾಸು ನಡೆಸುತ್ತಿದ್ದ; ಕ್ಲಾಸಿಗೆ ಮಂದಿ ಸಿಗಲೆಂದೇ ಆ ಗುಂಪು ಸೇರಿದ್ದ. ಬೋರ್ಡಿನ ಮೇಲೆ 'ಬ್ಲಾಕ್‌ಚೈನ್ ತಜ್ಞ' ಎಂದು ತಾನೇ ಬರೆಸಿಕೊಂಡಿದ್ದ. ತಜ್ಞ ಬೈಕು ಮಾರಿ ಕಾಯಿನ್ ಕೊಂಡಿದ್ದ. ಮನೆಯಲ್ಲಿ ಮಾತ್ರ ಸರ್ವಿಸಿಂಗಿಗೆ ಬಿಟ್ಟಿದ್ದೇನೆ ಅಂದಿದ್ದ. ಅಪ್ಪ ಅಮಾತೆಪ್ಪ ದಿನಾ ಕೇಳುತ್ತಿದ್ದ: "ಯಾ ಗ್ಯಾರೇಜ್ ಲೇ ಅದು? ಗಾಡಿ ಬಾಣಂತನಕ್ಕ ಹೋಗೇತೇನು?" ಬೆಲೆ ಇಳಿದು ಈಗ ಕೈಯಲ್ಲಿ ಅರ್ಧ ಬೈಕಿನಷ್ಟು ಕಾಯಿನ್ ಉಳಿದಿತ್ತು. ಅದು ಪೂರ್ತಿ ಬೈಕಾಗಿ ಮನೆ ಸೇರಬೇಕಿತ್ತು.

ಸುನಂದಾಳದು ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಸರ ಬಂದಿದ್ದಾರೆಂದು ಕುರ್ಚಿ ಒರೆಸಿ ಹಾಕಿದಳು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿದಳು. "ದಾನೇಶ್ವರಿ, ಗ್ಯಾಸ್ ಬಂತೇನವಾ?"

"ಇನ್ನಾ ಇಲ್ರಿ ಅತ್ತಿ."

ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ರಾಜೇಶ ಪಾಠ ಶುರುಮಾಡಿದ.

ಈ ಕಾಯಿನ್ ಕಳಿಸುವ ವ್ಯವಸ್ಥೆಯನ್ನು ಗಿರಣಿ ಎಂದು ತಿಳಿದುಕೊಳ್ಳಿ ಅಂದ. ಜೋಳದ ಚೀಲ ಎಷ್ಟೇ ದೊಡ್ಡದಿರಲಿ, ಈ ಗಿರಣಿಯವನು ಕೂಲಿಯನ್ನು ಜೋಳದಲ್ಲಿ ತೆಗೆದುಕೊಳ್ಳುವುದಿಲ್ಲ. ತನ್ನದೇ ನಾಣ್ಯ ಕೇಳುತ್ತಾನೆ. ಆ ಕೂಲಿಗೇ ಗ್ಯಾಸ್ ಎನ್ನುವುದು. ಗದ್ದಲ ಹೆಚ್ಚಾದರೆ ಕೂಲಿ ಏರುತ್ತದೆ. ಮೇಲೊಂದಿಷ್ಟು ಕೊಟ್ಟವನ ಚೀಲ ಮೊದಲು. ಬೀಸುವುದು ನಡುವೆ ಕೆಟ್ಟರೂ ಕೂಲಿ ವಾಪಸಿಲ್ಲ.

"ಹಂಗಾರ ಗ್ಯಾಸ್ ಹಾಕಿದವಂದು ಹೋದಂಗನ್ರಿ ಸರ?"

"ಹೋದಂಗರಿ ಅಕ್ಕಾರ." ಅವಳ ದಡ್ಡತನಕ್ಕೆ ಅವನಿಗೆ ನಗು ಬಂತು.

ಅವಳು ಡಬ್ಬಿಯಿಂದ ಚೀಟಿ ತೆಗೆದು ಕೊಟ್ಟಳು. ಅವನು ಹನ್ನೆರಡೂ ಪದಗಳನ್ನು ತನ್ನ ಮೊಬೈಲಿಗೆ ಹಾಕಿದ. ಪರ್ಸು ತೆರೆಯಿತು. ಹದಿನೆಂಟು ಸಾವಿರ ಡಾಲರ್ ಕಾಯಿನ್. ಗ್ಯಾಸಿಗೆ ಬೇಕಾದ ನಾಣ್ಯ ಸೊನ್ನೆ. ಅವನು ಮುಖ ಗಂಟಿಕ್ಕಿ ಚೀಟಿ ವಾಪಸು ಕೊಟ್ಟ.

"ಇದು ಖೊಟ್ಟಿ ಕಾಯಿನ್ ಐತ್ರಿ. ಚೀಟಿ ಹರದ ಒಗೀರಿ."

ಸುನಂದಾ ಮುಖ ಸಪ್ಪಗೆ ಮಾಡಿದಳು. ಆದರೂ ಚಾ ಕುಡಿಯದೆ ಹೋಗಬಾರದು ಅಂದಳು. ಅವನಿಗೂ ಅಷ್ಟು ಹೊತ್ತು ಬೇಕಿತ್ತು. ಮೊಬೈಲನ್ನು ಮಗ್ಗುಲಿಗೆ ತಿರುಗಿಸಿಕೊಂಡು, ಗ್ಯಾಸಿಗೆ ನಡೆಯುವ ತನ್ನ ಕಾಯಿನ್‌ನಲ್ಲಿ ಸ್ವಲ್ಪವನ್ನು ಅವಳ ಪರ್ಸಿಗೆ ಕಳಿಸಿದ. ಬಂದು ಮುಟ್ಟಿತು. ಡಾಲರುಗಳನ್ನು ತನ್ನ ಕಡೆ ಎಳೆದುಕೊಳ್ಳಲು ಬೆರಳು ಒತ್ತುವಷ್ಟರಲ್ಲಿ ಮತ್ತೆ ಸೊನ್ನೆ. ಗ್ಯಾಸ್ ಸಾಲದು ಎಂದಿತು ಪರದೆ.

"ಗ್ಯಾಸ್ ಬಂತೇನವಾ?" ಸುನಂದಾ ಕೂಗಿದಳು.

"ಬಂತ್ರಿ ಅತ್ತಿ. ಸಣ್ಣದು."

ಹದಿನೆಂಟು ಸಾವಿರ ಡಾಲರಿನ ಮಂದಿ ಸಣ್ಣ ಸಿಲಿಂಡರಿನಲ್ಲಿ ಅಡುಗೆ ಮಾಡುತ್ತಿದ್ದಾರಲ್ಲ ಎಂದು ರಾಜೇಶನಿಗೆ ಕನಿಕರವೂ ಆಯಿತು.

ಗದ್ದಲ ಹೆಚ್ಚಿರಬೇಕು ಅಂದುಕೊಂಡ. ಎರಡು ಪಟ್ಟು ಕಳಿಸಿದ. ಅದೂ ಮಾಯ. ಕ್ಲಾಸಿನಲ್ಲಿ ತಾನೇ ಹೇಳುವ ಮಾತು ನೆನಪಾಯಿತು: ಕೈ ಬಿಗಿ ಹಿಡಿದವನು ಸಾಲಿನಲ್ಲೇ ನಿಂತಿರುತ್ತಾನೆ. ಉಳಿದಿದ್ದ ಅರ್ಧ ಬೈಕನ್ನು ಒಂದೇ ಸಲಕ್ಕೆ ಕಳಿಸಿದ. ಅಂಕಿ ಒಮ್ಮೆ ಮಿನುಗಿ ಸೊನ್ನೆಯಾಯಿತು. ಡಾಲರುಗಳು ಇದ್ದಲ್ಲೇ ಇದ್ದವು.

ಚಾ ಬಂತು. ಕುದಿಯುತ್ತಿತ್ತು.

"ಯಾಕ್ರಿ ಸರ, ಬೆವತೀರಲ್ಲ?"

"ಸೆಕಿ ಭಾಳ ಐತ್ರಿ ಅಕ್ಕಾರ."

ಯಾರ ಮುಂದೆ ಹೇಳುವುದು? ಕದಿಯಲು ಹೋದಾಗ ಕೂಲಿ ಕಳೆಯಿತು ಎಂದು ಪೊಲೀಸರಿಗೆ ಹೇಳಲಾಗದು, ಅಮಾತೆಪ್ಪನಿಗಂತೂ ಆಗದು. ನೆಟ್‌ವರ್ಕ್ ಸರಿಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ರಾಜೇಶ ಎದ್ದ.

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಒಂದು ಬೈಕು ಬಂದು ನಿಂತಿತು. ಹೊಸದು. ಬಾದಾಮಿಯ ನಾಗಲಿಂಗ, ಅದೇ ಗುಂಪಿನವನು. ಹೆಲ್ಮೆಟ್ ತೆಗೆಯುತ್ತಲೇ, ಮೆಸೇಜ್ ನೋಡಿದೆ, ಪಾಪ ಅನಿಸಿತು, ಸಹಾಯ ಮಾಡೋಣವೆಂದು ಬಂದೆ ಅಂದ. ರಾಜೇಶನನ್ನು ಕಂಡು ಅವನ ಮುಖ ಸ್ವಲ್ಪ ಕಪ್ಪಿಟ್ಟಿತು.

ಸುನಂದಾ ಅದೇ ಕುರ್ಚಿ ಒರೆಸಿದಳು. ಅದೇ ಡಬ್ಬಿ ತೆಗೆದಳು. ಓಣಿಯಲ್ಲಿ ಸಿಲಿಂಡರಿನ ಗಾಡಿಯ ಸುಳಿವೇ ಇರಲಿಲ್ಲ. ಕುಕ್ಕರ್ ಇನ್ನೊಂದು ಸೀಟಿ ಹೊಡೆಯಿತು.

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ ರಾಜೇಶನಿಗೆ ಅವಳ ಕೂಗು ಕೇಳಿಸಿತು: "ದಾನೇಶ್ವರಿ, ಮೊಬೈಲ್ ಹಿಡಿಯವಾ. ಇನ್ನೊಂದು ಗ್ಯಾಸ್ ಬಂತು."