ಜೋಡಿಯಾಕಿಯ ಗುಳಿಗೆ

ಒಂಟಿ ಮೈಗೆ ಮದ್ದು ನಾಟುವುದು ನಿಂತು ಹನ್ನೆರಡು ವರ್ಷವಾಗಿತ್ತು. ಗುಳಿಗೆ ನುಂಗಿದವರ ಮಣಿಕಟ್ಟಿಗೆ ಇನ್ನೊಬ್ಬರ ಮಣಿಕಟ್ಟು ತಾಗಿರಬೇಕು. ಎರಡೂ ಬೆಚ್ಚಗಾದ ಮೇಲೆಯೇ ಮದ್ದು ಒಳಗೆ ಇಳಿಯುತ್ತಿತ್ತು. ಯಾರೂ ಇಲ್ಲದ ರೋಗಿಗಳ ಪಕ್ಕ ಹೀಗೆ ಕೈ ಹಚ್ಚಿ ಕೂರುವುದೇ ಫಕೀರವ್ವನ ನೌಕರಿ. ವಾರ್ಡಿನಲ್ಲಿ ಅವಳನ್ನು ಜೋಡಿಯಾಕಿ ಎಂದೇ ಕರೆಯುತ್ತಿದ್ದರು.

ಆ ಮಧ್ಯಾಹ್ನ ಹದಿನಾಲ್ಕನೆಯ ಮಂಚಕ್ಕೆ ಬರುವಷ್ಟರಲ್ಲಿ ಅವಳಿಗೇ ಜ್ವರ ಏರಿತ್ತು. ಬೆಳಗಿನಿಂದ ಸೆರಗಿನ ಗಂಟಿನಲ್ಲೊಂದು ಗುಳಿಗೆ ಹಾಗೇ ಉಳಿದಿತ್ತು. ಮನೆಯಲ್ಲಿ ಅವಳೊಬ್ಬಳೇ. ರೋಗಿಗಳ ಕೈ ಕೇಳುವುದಕ್ಕೆ ಮನಸ್ಸು ಒಪ್ಪದು.

ಮಂಚದ ಮೇಲಿದ್ದ ದ್ಯಾಮವ್ವ ಸಂತೆಯಲ್ಲಿ ಬದನೆಕಾಯಿ ಮಾರುವವಳು, ಬಾಯಿ ಜೋರು. "ನಾ ಸತ್ತಮ್ಯಾಲ ಬರಾಕಿ ಇದ್ದಿಯೇನು?"

"ಸತ್ರ ನನಗೊಂದು ಮಂಚ ಕಡಿಮಿ ಆಕ್ಕೈತಿ. ನುಂಗಬೇ."

ದ್ಯಾಮವ್ವ ನುಂಗಿದಳು. ಮಣಿಕಟ್ಟು ತಾಗಿದೊಡನೆ ಬೆಚ್ಚಿದಳು. "ಕಾದ ಹಂಚಿನಂಗ ಸುಡಾಕತ್ತೈತಿ! ನಿನ್ನ ಗುಳಿಗಿ ಎಲ್ಲೈತಿ?"

ಫಕೀರವ್ವ ಸೆರಗಿನ ಗಂಟು ಮುಟ್ಟಿಕೊಂಡಳು.

ಹೊತ್ತು ಕಳೆಯಿತು. ದ್ಯಾಮವ್ವನ ಮದ್ದು ಇಳಿಯಿತು. ಫಕೀರವ್ವ ಎಂದಿನಂತೆ ಕೈ ತೆಗೆಯಹೋದಳು. ತರಕಾರಿ ಬುಟ್ಟಿ ಎತ್ತಿ ಎತ್ತಿ ಒರಟಾಗಿದ್ದ ಬೆರಳುಗಳು ಬಿಡಲಿಲ್ಲ.

"ಈಗ ನಿಂದು ನುಂಗು."

"ಇನ್ನೂ ಮೂರು ಮಂಚ ಅದಾವಬೇ."

"ಅದಾವಲ್ಲ, ಎಲ್ಲಿ ಓಡಿ ಹೊಕ್ಕಾವು?"

ಫಕೀರವ್ವ ಗಂಟು ಬಿಚ್ಚಿ ಗುಳಿಗೆ ನುಂಗಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಹದಿನೈದನೆಯ ಮಂಚದಿಂದ ಯಾರೋ ಕೂಗಿದರು.

"ತಡಿಯವ್ವಾ," ಎಂದು ದ್ಯಾಮವ್ವ ಗದರಿದಳು, "ಜೋಡಿಯಾಕಿ ಗುಳಿಗಿ ನುಂಗ್ಯಾಳ."