ಬಾಗಿಲಿಗೆ ಸಿಕ್ಕ ಕೈ

ಬಾಗಿಲ ಆಚೆ ಗಾಜಿನದೇನೋ ಒಡೆಯಿತು. ಬೆನ್ನಿಗೇ ಮೆತ್ತಗಿನದರ ಮೇಲೆ ಗಟ್ಟಿಯಾದದ್ದು ಬಿದ್ದ ಸದ್ದು. ಮತ್ತೆ ಅದೇ ಸದ್ದು. ಲಿಫ್ಟಿಗೆ ಹೆದರಿ ನಾಲ್ಕು ಮಹಡಿ ಹತ್ತಿ ಬಂದಿದ್ದ ಫೋಟೋ ಅಕ್ಕ ಪೆಟ್ಟಿಗೆ ಕೆಳಗಿಟ್ಟು, ಏದುಸಿರು ಬಿಗಿಹಿಡಿದು ಎಣಿಸಿದಳು. ಮೂರು. ನಾಲ್ಕು.

ಏಟು ತಿಂದವರು ಕೂಗಲಿಲ್ಲ. ಅಭ್ಯಾಸವಾದವರು ಕೂಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ದೊಡ್ಡಾಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಅವಳದು ಮೂವತ್ತೊಂದು ವರ್ಷದ ನೌಕರಿ. ರೋಗಿಗಳು ಎಕ್ಸ್-ರೇಗೆ ಫೋಟೋ ಎನ್ನುತ್ತಿದ್ದರು, ತೆಗೆಯುವವಳಿಗೆ ಫೋಟೋ ಅಕ್ಕ. ಬಚ್ಚಲಲ್ಲಿ ಜಾರಿದೆ, ಮೆಟ್ಟಿಲು ತಪ್ಪಿದೆ, ಹಸು ಒದೆಯಿತು ಎಂದು ಅವರು ಹೇಳುವುದನ್ನು ಅವಳು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಬೆಳಕಿನ ಪೆಟ್ಟಿಗೆಗೆ ಫಿಲ್ಮ್ ಸಿಕ್ಕಿಸಿ ನಿಜ ಓದುತ್ತಿದ್ದಳು. ಬಿದ್ದು ಮುರಿದ ಮೂಳೆಗೂ ಬಡಿದು ಮುರಿದ ಮೂಳೆಗೂ ವ್ಯತ್ಯಾಸವಿದೆ. ಬಲ ಯಾವ ದಿಕ್ಕಿನಿಂದ ಬಂತೆಂಬುದನ್ನು ಬಿರುಕು ತೋರಿಸಿಕೊಡುತ್ತದೆ.

ಹದಿನೈದು ದಿನದ ಹಿಂದೆ ಮಗಳು ಪರದೇಶದಿಂದ ಮೊಬೈಲಿಗೆ ಒಂದು ಎಕ್ಸ್-ರೇ ಕಳಿಸಿದ್ದಳು. ಬಲಗೈ. "ಬಾಗಿಲಿಗೆ ಸಿಕ್ಕಿ ಹಾಕ್ಕೊಳ್ತು ಅಮ್ಮಾ. ಗಾಬರಿ ಆಗ್ಬೇಡ."

ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. ಬೆರಳುಗಳೆಲ್ಲ ನೆಟ್ಟಗಿದ್ದವು. ಮುರಿದದ್ದು ಕಿರುಬೆರಳಿನ ಬುಡದಲ್ಲಿ, ಅಂಗೈಯೊಳಗಿನ ಮೂಳೆ. ಅದರ ತುದಿ ಅಂಗೈ ಕಡೆಗೆ ಬಾಗಿತ್ತು. ಫೋನ್ ಮುಚ್ಚಿಟ್ಟು ತಮ್ಮನನ್ನು ಕರೆದಳು.

"ಸುಳ್ಳು ಹೇಳ್ತಿದ್ದಾಳೆ ಕಣೋ. ಬಾಗಿಲಿಗೆ ಸಿಕ್ಕಿದ ಕೈ ಹೀಗೆ ಮುರಿಯಲ್ಲ."

ತಮ್ಮನ ಮುಖ ಕೆಂಪಾಯಿತು. "ಮದುವೆ ಮಾತು ಬಂದಾಗಲೇ ಹೇಳ್ದೆ. ನಿನ್ನ ಅಳಿಯ ನೋಡಿದ್ರೆ ಆರಡಿ, ಬಾಯಿ ಬಿಟ್ರೆ ಎರಡು ಮಾತಿಲ್ಲ. ಮಾತಾಡದ ಗಂಡಸರನ್ನ ನಂಬಬಾರದು ಅಂತ. ನಾನೂ ಬರ್ತೀನಿ ನಡಿ."

"ನಿನ್ನ ಪಾಸ್‌ಪೋರ್ಟ್ ಆಗೋವರೆಗೆ ಕಾಯಕ್ಕಾಗಲ್ಲ. ಇವತ್ತು ಕೈ. ಮುಂದಿನ ಏಟು ತಲೆಗೇ ಬೀಳೋದು. ಹೆಣ ತರೋಕೆ ಹೋಗೋ ಬದಲು ಜೀವ ಇದ್ದಾಗಲೇ ಕರ್ಕೊಂಡು ಬರ್ತೀನಿ."

"ಲಿಫ್ಟ್ ಹತ್ತೋಕೆ ನಡುಗೋಳು ವಿಮಾನ ಹತ್ತುತೀಯಾ?"

"ಲಿಫ್ಟಿನ ಥರ ವಿಮಾನದಲ್ಲಿ ಕನ್ನಡಿ ಇಲ್ವಲ್ಲ, ಹೆದರಿದ ನನ್ನ ಮುಖ ನನಗೆ ಕಾಣಲ್ಲ. ಹತ್ತುತೀನಿ."

ಹತ್ತಿದಳು. ಮೂರು ದಶಕ ಬೇರೆಯವರನ್ನು ಯಂತ್ರದ ಮುಂದೆ ನಿಲ್ಲಿಸಿ "ಅಲುಗಾಡಬೇಡಿ" ಎಂದವಳು, ವಿಮಾನ ನಿಲ್ದಾಣದ ತಪಾಸಣೆ ಯಂತ್ರದ ಮುಂದೆ ತಾನೇ ಬರಿಗಾಲಲ್ಲಿ ಕೈ ಎತ್ತಿ ನಿಂತಳು. ವಿಮಾನ ನೆಲ ಬಿಟ್ಟಾಗ ಪಕ್ಕದವನ ತೋಳನ್ನು ಉಗುರು ಊರುವಂತೆ ಹಿಡಿದಳು. ಇಳಿದ ಮೇಲೆ ಗಾಜಿನ ಹಿಂದಿನ ಅಧಿಕಾರಿ ಏಕೆ ಬಂದಿರಿ ಎಂದು ಕೇಳಿದಾಗ, ಬಾಯಿಪಾಠ ಮಾಡಿಕೊಂಡಿದ್ದ ಪರಭಾಷೆಯ ವಾಕ್ಯವನ್ನು ಒಪ್ಪಿಸಿದಳು: "ನಮ್ಮ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಲು." ಅವನು ಮುದ್ರೆ ಒತ್ತಿದ.

ರೈಲು ನಿಲ್ದಾಣದ ಹೊರಗೆ ಒಬ್ಬ ಅವಳ ಕೈಚೀಲಕ್ಕೆ ಕೈ ಹಾಕಿದ. ಗಟ್ಟಿಮುಟ್ಟಾದ ಆಳು. ಎಳೆದ ರಭಸಕ್ಕೆ ಅವಳು ಮಂಡಿಯೂರಿ ಬಿದ್ದಳು. ಚೀಲದ ಪಟ್ಟಿ ಮಾತ್ರ ಬಿಡಲಿಲ್ಲ. ಅವನು ಅವಳ ಪಕ್ಕೆಗೆ ಒದ್ದ. ಅವಳು ಅವನ ಹೆಬ್ಬೆರಳನ್ನು ಹುಡುಕಿ ಹಿಡಿದು ಹಿಂದಕ್ಕೆ ಮಡಿಚಿದಳು. ಇನ್ನು ಅರ್ಧ ಇಂಚು ಹೋದರೆ ಟಕ್ ಎನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಅರ್ಧ ಇಂಚು ಹೋದಳು. ಅವನು ಊಳಿಡುತ್ತಾ ಓಡಿದ. ಸೀರೆಯ ಧೂಳು ಕೊಡವಿಕೊಂಡು ಅವಳು ವಿಳಾಸದ ಚೀಟಿಯನ್ನು ಟ್ಯಾಕ್ಸಿಯವನಿಗೆ ಚಾಚಿದಳು.

ಈಗ ಆ ವಿಳಾಸದ ಬಾಗಿಲು ಅವಳ ಮುಂದಿತ್ತು. ಅಂಗೈಯಿಂದ ದಬದಬ ಬಡಿದಳು. ಒಳಗೆ ಎಲ್ಲವೂ ನಿಂತಿತು.

ಬಾಗಿಲು ತೆರೆದದ್ದು ಮಗಳು. ಬಲಗೈಗೆ ಮಣಿಕಟ್ಟು ದಾಟಿದ ಬಿಳಿ ಪಟ್ಟಿ, ಬಿಚ್ಚಿದ ಕೂದಲು, ಬೆವರಿದ ಹಣೆ. ಒಂದು ಗಳಿಗೆ ಕಣ್ಣು ಮಿಟುಕಿಸದೆ ನೋಡಿ, ತಾಯಿಯ ಕುತ್ತಿಗೆಗೆ ಜೋತುಬಿದ್ದು ಬಿಕ್ಕಿದಳು. ಎದೆ ಓಡಿ ಬಂದವರ ಎದೆಯಂತೆ ಡವಗುಟ್ಟುತ್ತಿತ್ತು.

"ಒಬ್ಬಳೇ ಬಂದ್ಯಾ ಅಮ್ಮಾ? ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀನು ಮನೆ ಗುಡಿಸಿ ಇಟ್ಟಿರ್ತಿದ್ದೆ."

ಗುಡಿಸಿರಲಿಲ್ಲ. ಗಾಜಿನ ಚೂರು ನಡುಮನೆಯಿಂದ ಅಡುಗೆಮನೆಯವರೆಗೂ ಹರಡಿತ್ತು. ಕುರ್ಚಿ ಮಗುಚಿತ್ತು. ಇಸ್ತ್ರಿಪೆಟ್ಟಿಗೆ ನೆಲದ ಮೇಲಿತ್ತು. ಅದರ ಮೂತಿಗೆ ರಕ್ತ ಅಂಟಿತ್ತು, ಇನ್ನೂ ಒಣಗಿರಲಿಲ್ಲ. ಅಳಿಯ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು ನಲ್ಲಿಯಡಿ ಏನೋ ತೊಳೆಯುತ್ತಿದ್ದ. ತೊಟ್ಟಿಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ನೋಡಮ್ಮಾ, ನನ್ನ ಸಂಸಾರ ಹೇಗಿದೆ ಅಂತ," ಎಂದಳು ಮಗಳು. "ಸಾಕಾಗಿದೆ ನನಗೆ."

"ನೋಡ್ತಿದ್ದೀನಿ."

ಫೋಟೋ ಅಕ್ಕ ಬಗ್ಗಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಭಾರವಿತ್ತು. ಚಪ್ಪಲಿಯಡಿ ಗಾಜು ಕರಕರ ಎನ್ನುತ್ತಿರಲು ಅಡುಗೆಮನೆಯ ಕಡೆ ನಡೆದಳು.

"ಅಮ್ಮಾ, ಅವನ ಹತ್ರ ಹೋಗ್ಬೇಡ. ಇದು ನಮ್ಮಿಬ್ಬರ ವಿಷಯ. ಬಾ ಈ ಕಡೆ."

ಅವಳು ನಿಲ್ಲಲಿಲ್ಲ. ಹೆಜ್ಜೆ ಸಪ್ಪಳಕ್ಕೆ ಅಳಿಯ ಗರ್ರನೆ ತಿರುಗಿದ. ಅವಳಿಗಿಂತ ಒಂದೂವರೆ ಅಡಿ ಎತ್ತರ. ಅವನು ಕೈ ಎತ್ತಿದ.

"ಮುಖ ಮುಚ್ಕೋಬೇಡಿ ಅಳಿಯಂದಿರೇ, ನಾನು ಹೊಡಿಯಲ್ಲ. ಇವಳ ಕೈ ನೋಡಿದ್ದೀನಿ, ಮುಷ್ಟಿ ಕಟ್ಟಿ ಗುದ್ದಿದವರಿಗಷ್ಟೇ ಆ ಜಾಗದಲ್ಲಿ ಮೂಳೆ ಮುರಿಯೋದು," ಎನ್ನುತ್ತಾ ಅವಳು ಅವನಿಗೆ ಬೆನ್ನು ಕೊಟ್ಟು, ಮಗಳಿಗೆ ಅಡ್ಡವಾಗಿ ನಿಂತಳು, "ಪಾಸ್‌ಪೋರ್ಟ್ ತಗೊಂಡು ಹೊರಡಿ, ನಾನು ಕರ್ಕೊಂಡು ಹೋಗೋಕೆ ಬಂದಿರೋದು ನಿಮ್ಮನ್ನ."