ಅಪ್ಪನಿಗೆ ಕೊಟ್ಟ ಕಿವಿ

ಸ್ಟೀಲ್ ಲೋಟ ಮೇಜಿನಿಂದ ಜಾರಿ ಠಣ್ಣೆಂದು ಬಿದ್ದಾಗ ಶಿವಲೀಲಾ ಕಿವಿ ಮುಚ್ಚಿಕೊಂಡು ಮುದುಡಿದಳು. ಟೋಪಿ ಹಾಕಿಕೊಂಡು ಮಗಳ ಕಿವಿಯಿಂದಲೇ ಕೇಳುತ್ತಿದ್ದ ಅಮ್ಮನೂ ಚೀರಿದಳು. ಅಂಥದೇ ಟೋಪಿ ತೊಟ್ಟಿದ್ದ ಅಪ್ಪ ಮಾತ್ರ ಗಡ್ಡ ಕೆರೆದುಕೊಳ್ಳುತ್ತಲೇ ಇದ್ದರು.

ಸಲಹಾ ಕೇಂದ್ರದಲ್ಲಿ ಆಟಿಸಂ ಇರುವವರ ಮನೆಮಂದಿಗೆಲ್ಲ, ಅವರಿಗೆ ಕೇಳಿಸಿದಂತೆಯೇ ಕೇಳಿಸುವ ಈ ಟೋಪಿ ಪ್ರತಿ ಗುರುವಾರ ಒಂದು ತಾಸು ಇದ್ದದ್ದೇ. ಮೊದಲ ವಾರ ಅಪ್ಪ ಗಳಗಳ ಅತ್ತಿದ್ದರು. ಆ ಅಳುವನ್ನು ನಂಬಿಯೇ, ಅವರು ಹೇಳಿದರೆಂದು, ಅಣ್ಣನ ಮದುವೆಯಲ್ಲಿ ಅವಳು ಕಿವಿ ಮುಚ್ಚದೆ ಬ್ಯಾಂಡಿನ ಪಕ್ಕ ನಿಂತಿದ್ದಳು.

ಈಗ ಶಿವಲೀಲಾ ಎದ್ದು ಹೋಗಿ ಅಪ್ಪನ ಟೋಪಿ ತೆಗೆದಳು. ಅದರ ಗುಂಡಿ ಆಫ್ ಆಗಿತ್ತು.

"ಎಷ್ಟು ವಾರದಿಂದ?"

"ಮೊದ್ಲನೇ ದಿನ ಐದು ನಿಮಿಷ ಕೇಳಿಸ್ಕೊಂಡೆ ಕಣವ್ವಾ. ತಡ್ಕೊಳ್ಳೋಕಾಗ್ಲಿಲ್ಲ."

"ಗೊತ್ತಿದ್ದೂ ಬ್ಯಾಂಡ್ ಪಕ್ಕ ನಿಲ್ಸಿದ್ಯಾ?"

"ನೆಂಟ್ರು ಏನಂತಾರೋ ಅಂತ..."

ಸಲಹೆಗಾರ್ತಿ ನಜ್ಮಾ ಮೇಡಂ ನಡುವೆ ಬಂದರು. "ಶಿವಲೀಲಾ, ಟೋಪಿ ಕೊಡಮ್ಮಾ. ನಾನೇ ಆನ್ ಮಾಡಿ ಹಾಕ್ತೀನಿ, ಹೊಸದಾಗಿ ಶುರು ಮಾಡೋಣ."

ಅಪ್ಪ ತಲೆ ಬಗ್ಗಿಸಿದರು. ಶಿವಲೀಲಾ ಟೋಪಿಯನ್ನು ಎದೆಗೆ ಅವುಚಿಕೊಂಡಳು.

"ಬ್ಯಾಡ. ನನ್ನ ಕಿವಿ ಇವ್ರಿಗೆ ಕೊಡಲ್ಲ."